ದೊಡ್ಡವ್ವನ ಎದೆಯ ಬಾಗಿಲು

“ಹೃದಯದ ದವಾಖಾನಿ ಎಲ್ಲಿ ಬರ್ತದ್ರಿ?”

ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಕಾರು ನಿಲ್ಲಿಸಿ ನಾನು ಹೀಗೆ ಕೇಳುತ್ತಿದ್ದರೆ, ಹಿಂದಿನ ಸೀಟಿನಿಂದ ದೊಡ್ಡವ್ವ ಗೊಣಗಿದಳು: “ಜಗತ್ತೆಲ್ಲಾ ತಿರಗಿ ಬಂದಾಳ, ಹುಬ್ಬಳ್ಳಿ ಗೋಪನಕೊಪ್ಪದಿಂದ ಧಾರವಾಡಕ್ಕ ದಾರಿ ಗೊತ್ತಿಲ್ಲ!”

ಇಂಥವು ನನಗೆ ಆಗುತ್ತಲೇ ಇರುತ್ತವೆ. ಭಾಷೆ ಬಾರದ ದೇಶಗಳಲ್ಲಿ ತಪ್ಪದ ದಾರಿ ನನ್ನೂರಲ್ಲೇ ತಪ್ಪುತ್ತದೆ. ದೊಡ್ಡವ್ವ ಜೊತೆಗಿದ್ದರಂತೂ ಮುಗಿದೇ ಹೋಯಿತು.

ದಾರಿ

ನಮ್ಮ ಕಡೆ ದಾರಿ ಕೇಳಿದರೆ ಮೊದಲು ವಂಶಾವಳಿ ಹೇಳಬೇಕು. ವಾಚ್‌ಮನ್ ಕುರ್ಚಿ ಬಿಟ್ಟು ಎದ್ದು ಬಂದ.

“ಯಾರಿಗ್ರಿ ತ್ರಾಸು?”

“ನಮ್ಮ ದೊಡ್ಡವ್ವಗ.”

“ತಾಯಿ ಅಕ್ಕೇನ್ರಿ? ಏನಾಗೇತಿ?”

ಹೃದಯದಿಂದ ಮೈಗೆಲ್ಲ ರಕ್ತ ಹೋಗುವ ಬಾಗಿಲು ಸುಣ್ಣಗಟ್ಟಿ ಕಿರಿದಾಗಿದೆ, ಅದನ್ನು ಬದಲಿಸಬೇಕು, ಬಿಟ್ಟರೆ ಯಾವಾಗ ಏನಾದೀತೋ ಹೇಳಲಾಗದು ಎಂದು ತಗ್ಗಿದ ದನಿಯಲ್ಲಿ ವಿವರಿಸಿದೆ. ಅವನು ಕಾರಿನೊಳಗೆ ತಲೆ ಹಾಕಿ ದೊಡ್ಡವ್ವನ ತವರುಮನೆ ವಿಚಾರಿಸಿದ. ಆಮೇಲೆ ಧೈರ್ಯ ಹೇಳಿದ: “ಅಂಜಬ್ಯಾಡ್ರಿ. ನಮ್ಮ ಅತ್ತಿಗೂ ಮೊಣಕಾಲು ಬದಲಿ ಮಾಡಿಸೇವಿ. ಈಗ ಜಗಳಾಡಾಕ ನಮ್ಮನಿತನಾ ನಡಕೊಂತ ಬರ್ತಾಳ.”

“ಅದೆಲ್ಲಾ ಖರೇರಿ. ದಾರಿ?”

“ದಾರಿ ನನಗೇನು ಗೊತ್ರಿ? ನಾ ಸುಳ್ಳ ಅನ್ನೂ ಹಳ್ಳ್ಯಾಂವ. ನಿನ್ನೆ ಅಷ್ಟ ಕೆಲಸಕ್ಕ ಬಂದೇನಿ.”

ಪರೀಕ್ಷೆ

ಅಂತೂ ಮುಟ್ಟಿದೆವು. ಆಪರೇಷನ್ನಿನ ಅಪಾಯ ಎಷ್ಟು ಎಂದು ಅಳೆಯಲು ಡಾಕ್ಟರು ಪ್ರಶ್ನೆ ಶುರುಮಾಡಿದರು.

“ಹೆಂಗದೀರಿ ಅಮ್ಮಾರ?”

“ಆರಾಮ ಅದೇನ್ರಿ. ನೀವು ಆರಾಮ? ಮನ್ಯಾಗೆಲ್ಲಾ ಆರಾಮ?”

“ಮೆಟ್ಟಲಾ ಹತ್ತಿದ್ರ ದಮ್ಮು ಬರ್ತದೇನ್ರಿ?”

“ಇಲ್ಲರಿ.”

“ಹತ್ತೂದಾ ಬಿಟ್ಟಾಳ್ರಿ,” ಎಂದೆ ನಾನು. “ಮ್ಯಾಲಿನ ದೇವರನ್ನ ಕೆಳಗ ತಂದು ಇಟ್ಕೊಂಡಾಳ.”

“ಎಚ್ಚರ ತಪ್ಪಿ ಬಿದ್ದದ್ದು ಐತೇನ್ರಿ?”

“ಏನೂ ಇಲ್ಲ!” ಎನ್ನುತ್ತ ನನ್ನನ್ನು ನುಂಗುವಂತೆ ನೋಡಿದಳು. ಡಾಕ್ಟರ ಮುಂದೆ ಮನೆಯ ಮಾತು ಆಡಿದ ಹುಡುಗಿ ನಾನು. ವಯಸ್ಸು ಐವತ್ತು ದಾಟಿದೆ, ಅದು ಬೇರೆ ಮಾತು.

ಮುಂದೆ ನಡಿಗೆಯ ಪರೀಕ್ಷೆ. ಈ ಗೆರೆಯಿಂದ ಆ ಗೆರೆಯವರೆಗೆ ನಡೆಯುವುದು, ನರ್ಸ್ ಗಡಿಯಾರ ಹಿಡಿದು ನಿಲ್ಲುವುದು. ಅರ್ಧ ದಾರಿಯಲ್ಲಿ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಬೆಂಚಿನ ಮೇಲೆ ಕೂತಿದ್ದಳು. ಮಾತಾಡಿಸದೆ ಮುಂದೆ ಹೋದರೆ ಏನಂದುಕೊಂಡಾಳು? ದೊಡ್ಡವ್ವ ನಿಂತಳು. ಆಕೆಯ ಮಗನ ನಿಶ್ಚಯ, ಸೊಸೆಯ ಬಣ್ಣ, ಬೀಗರ ಸಣ್ಣತನ, ಎಲ್ಲ ಮುಗಿಯುವವರೆಗೆ ಗಡಿಯಾರ ಓಡುತ್ತಲೇ ಇತ್ತು.

ನರ್ಸ್ ಬರೆದುಕೊಟ್ಟದ್ದನ್ನು ನೋಡಿ ಡಾಕ್ಟರು ಹುಬ್ಬೇರಿಸಿದರು: “ಭಾಳ ಅಶಕ್ತ ಅದಾರಲ್ರಿ.”

“ಯಾರು ಅಶಕ್ತ? ಹಿಡೀಯವ್ವ ಗಡಿಯಾರ!”

ಸೆರಗು ಸಿಗಿಸಿ ಬಿಟ್ಟ ಬಾಣದಂತೆ ಹೊರಟಳು. ಕೊನೆಯ ಗೆರೆಗೆ ಇನ್ನೇನು ಮುಟ್ಟಬೇಕು, ಮುಖ ಬಿಳಿಚಿ, ಗೋಡೆಗೆ ಒರಗಿ ಜಾರಿದಳು. ಎಲ್ಲರೂ ಓಡಿದೆವು.

ಕಣ್ಣು ತೆರೆದವಳೇ ಸಿಡುಕಿದಳು: “ಗದ್ದಲ ಯಾಕ? ಬಿದ್ದಿಲ್ಲ, ಕುಂತೇನಿ. ಮನ್ಯಾಗೂ ಆಗಾಗ ಹಿಂಗ ಕುಂದರತೇನಿ.”

ಡಾಕ್ಟರು ಬರೆದದ್ದನ್ನೆಲ್ಲ ಹೊಡೆದುಹಾಕಿ ಮೊದಲಿನಿಂದ ಬರೆಯತೊಡಗಿದರು.

ಎಮ್ಮಿ

ಎದೆ ತೆರೆಯುವುದು ಅಪಾಯ, ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕಳಿಸೋಣ ಎಂದು ತೀರ್ಮಾನವಾಯಿತು. ಕವಾಟ ಯಾವುದರದ್ದು ಎಂಬಲ್ಲಿ ಗಾಡಿ ನಿಂತಿತು.

“ಆಕಳ ಹೃದಯದ ಮ್ಯಾಲಿನ ಪೊರಿಯಿಂದ ಮಾಡಿರ್ತಾರ್ರಿ. ಹಂದಿದೂ ಬರ್ತದ.”

ಹುಟ್ಟಿದಾಗಿನಿಂದ ಲಿಂಗಪೂಜೆ ತಪ್ಪಿಸದವಳು, ಮೊಟ್ಟೆ ಹಾಕಿದ ಕೇಕಿನ ಅಂಗಡಿಯ ಮುಂದೆ ಉಸಿರು ಬಿಗಿಹಿಡಿದು ದಾಟುವವಳು. ಅವಳ ಮುಖ ನೋಡಲಾಗಲಿಲ್ಲ.

“ತಿನ್ನೂದಲ್ಲಲ್ಲ ದೊಡ್ಡವ್ವ, ಇಟ್ಟುಕೊಳ್ಳೂದು,” ಎಂದೆ.

“ನೀ ಸುಮ್ನಿರು. ದೇಶದೇಶ ತಿರಗಿ ಏನೇನು ತಿಂದೀಯೋ! ನಿನ್ನೊಳಗ ಆಗಲೇ ಅರ್ಧ ಸಂತಿ ಐತಿ.” ಡಾಕ್ಟರ ಕಡೆ ತಿರುಗಿ, “ಎಮ್ಮಿದು ಇಲ್ಲೇನ್ರಿ? ಧಾರವಾಡದಾಗ ಕುಂತು ಎಮ್ಮಿ ಸಿಗೂದಿಲ್ಲಂದ್ರ!”

ಡಾಕ್ಟರು ಗಂಭೀರವಾಗಿಯೇ ಉತ್ತರಿಸಿದರು: “ಬ್ಯಾಡ್ರಿ ಅಮ್ಮಾರ. ಎಮ್ಮಿ ಒಮ್ಮೆ ಬೆಚ್ಚಗ ಕುಂತ್ರ ಏಳೂದಿಲ್ಲ. ನಮಗ ತೆರದು ಮುಚ್ಚೂದು ಬೇಕು.”

ದೊಡ್ಡವ್ವ ಕೊರಳ ಲಿಂಗ ಮುಟ್ಟಿಕೊಂಡಳು. “ಆತು, ಆಕಳದಾ ಹಾಕ್ರಿ. ಶಿವನ ಮುಂದ ನಿಮ್ಮ ಹೆಸರು ಹೇಳ್ತೇನಿ.”

ಕೊಟ್ಟ ಮಾತು

ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ನಿಂತಾಗ ಅವಳ ಕೈ ತಣ್ಣಗಿತ್ತು. ಮೊದಲ ಸಲ ಅವಳು ಅಂಜಿದ್ದನ್ನು ಕಂಡೆ.

“ನಾ ಹೊರಗ ಬಂದ್ರ ನೀ ಏನು ಕೊಡ್ತಿ?”

“ಏನು ಬೇಕು ಕೇಳ.”

“ಒಂದು ತಿಂಗಳು ಎಲ್ಲೂ ತಿರಗದ ನಮ್ಮನ್ಯಾಗ ಕುಂದ್ರಬೇಕು.”

ನನ್ನ ಗಂಡನೂ ಕೇಳುವ ಧೈರ್ಯ ಮಾಡದ ಬೇಡಿಕೆ. ಬಾಗಿಲು ತೆರೆಯುತ್ತಿತ್ತು. “ಕೊಟ್ಟೆ,” ಎಂದೆ.

ಬಂದಳು, ದೊಡ್ಡವ್ವ. ಕೆಲವೇ ದಿನಗಳಲ್ಲಿ ತುಟಿಗೆ ಕೆಂಪು, ಕಾಲಿಗೆ ಚಕ್ರ. ಬೆಳಿಗ್ಗೆ ತರಕಾರಿ, ಮಧ್ಯಾಹ್ನ ಓಣಿಯ ಹರಟೆ, ಸಂಜೆ ಮಠ. ಕೊಟ್ಟ ಮಾತು ನೆನಪಿಸಿ ನನ್ನನ್ನು ಮಾತ್ರ ಪಡಸಾಲೆಯ ಆರಾಮಕುರ್ಚಿಯಲ್ಲಿ ಕೂಡಿಸಿ ಹೋಗುತ್ತಿದ್ದಳು. ಕೂತು ಕೂತು ನನಗೆ ಊಟ ಸೇರದು, ನಿದ್ದೆ ಬಾರದು.

ಒಂದು ದಿನ, ನಮ್ಮಿಬ್ಬರನ್ನೂ ಎಂದೂ ಕಂಡಿರದ ದೂರದ ನೆಂಟರಿಬ್ಬರು ರೋಗಿಯನ್ನು ನೋಡಲು ಬಂದರು. ದೊಡ್ಡವ್ವ ಎಂದಿನಂತೆ ಊರ ಮೇಲೆ. ಅವರು ಕುರ್ಚಿಯಲ್ಲಿದ್ದ ನನ್ನನ್ನು ನೋಡಿ ಲೊಚಗುಟ್ಟಿದರು.

“ಭಾಳ ಸೊರಗಿಬಿಟ್ಟಿರಲ್ಲ! ಆಪರೇಷನ್ ಆದ ಮ್ಯಾಲೆ ಹಿಂಗಾ. ಒಂದು ತಿಂಗಳು ಅಲಗಾಡಬ್ಯಾಡ್ರಿ.”

ನಾನು ಬಾಯಿ ತೆರೆಯುವುದರೊಳಗೆ ಮೋಸಂಬಿಯ ಚೀಲವನ್ನು ತೊಡೆಯ ಮೇಲೆ ಇಟ್ಟಾಗಿತ್ತು. ಅಷ್ಟರಲ್ಲಿ ಗೇಟು ಸಪ್ಪಳವಾಯಿತು. ದೊಡ್ಡವ್ವ ಎರಡೂ ಕೈಯಲ್ಲಿ ಚೀಲ ಹಿಡಿದು, ಮೆಟ್ಟಿಲುಗಳನ್ನು ದಡದಡ ಹತ್ತಿ ಬಂದಳು. ನೆಂಟರು ಅವಳನ್ನು ಕಂಡು ಸಮಾಧಾನದ ಉಸಿರು ಬಿಟ್ಟರು:

“ಪುಣ್ಯಾ ಬಿಡ್ರಿ, ನೋಡಕೊಳ್ಳಾಕ ಗಟ್ಟಿಮುಟ್ಟಾದವರು ಒಬ್ಬರು ಅದೀರಿ.”

ದೊಡ್ಡವ್ವ ನನ್ನ ಹಣೆ ಮುಟ್ಟಿ ನೋಡಿದಳು, ತಲೆದಿಂಬು ಸರಿಪಡಿಸಿದಳು, ನಿಟ್ಟುಸಿರಿಟ್ಟಳು: “ಏನು ಮಾಡೂದ್ರಿ? ನಾ ಇಲ್ಲಂದ್ರ ಇಕೀಗೆ ಯಾರದಾರ?”

ಮಾತು ಕೊಟ್ಟಾಗಿತ್ತು. ಕೂತಲ್ಲೇ ಮೋಸಂಬಿ ಸುಲಿದೆ.