ಬಜಪೆಯಿಂದ ಮುಂಬಯಿಗೆ ಎಷ್ಟೊತ್ತು?

ತೊಂಬತ್ತೇಳರಲ್ಲಿ ಕುಂದಾಪುರದ ಬಸ್ ನಿಲ್ದಾಣದ ಹತ್ತಿರ ವಿಮಾನದ ಟಿಕೆಟ್ ಮಾಡಿಕೊಡುವ ಅಂಗಡಿ ಇಟ್ಟವನು ನಾನು. ಟಿಕೆಟ್ ತೆಗೆಯುವವರಿಗಿಂತ ‘ಎಷ್ಟು ದೂರ, ಎಷ್ಟೊತ್ತು’ ಎಂದು ಕೇಳಿ ಹೋಗುವವರೇ ಹೆಚ್ಚು. ಯಾರನ್ನೂ ಸರಿಯಾದ ಉತ್ತರ ಕೊಡದೆ ಕಳಿಸಬಾರದೆಂಬುದು ನನ್ನ ಹಟ. ಹಟ ಮಾಡಿದವನಿಗೇ ಇಂಥವೆಲ್ಲ ಗಂಟು ಬೀಳುವುದು.

ನೂಲು ಹಿಡಿದದ್ದು

ಬೈಂದೂರಿನ ಹೋಟೆಲ್ ಯಜಮಾನರಿಗೆ ದೂರ ಕಣ್ಣಿಗೆ ಕಾಣಬೇಕಿತ್ತು. ಗೋಡೆಯ ಭೂಪಟದ ಮೇಲೆ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಮುಂಬಯಿಗೆ ನೂಲು ಎಳೆದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ನೂಲು ಕುಂದಾಪುರ, ಬೈಂದೂರು ದಾಟಿಯೇ ಮೇಲೆ ಹೋಗಿತ್ತು.

“ಇದ್ ನಮ್ಮನಿ ಮೇಲೇ ಹೋಪುದಲ್ದಾ?”

“ಹೌದು, ಹೆಚ್ಚುಕಮ್ಮಿ.”

“ಮತ್ತೆ ನಾ ಎಂತಕ್ಕೆ ಬಜಪೆ ತನಕ ಹಿಂದೆ ಹೋಯ್ಕ್? ಇಲ್ಲೇ ಕೈ ತೋರ್ಸಿರೆ ನಿಲ್ಸುದಿಲ್ಯಾ?”

ಬುತ್ತಿ ಬಿಚ್ಚಿದ್ದು

ಕೊಕ್ಕರ್ಣೆಯ ಕೃಷಿಕರೊಬ್ಬರಿಗೆ ‘ಒಂದೂಕಾಲು ಗಂಟೆ ಸಾಕು’ ಎಂದು ಮೂರು ಸಲ ಹೇಳಿದ್ದೆ. ಮುಂಬಯಿ ಎಂದರೆ ಒಂದು ಹಗಲು ಒಂದು ರಾತ್ರಿ ಎಂದು ಬಸ್ಸಿನಲ್ಲಿ ಕಲಿತ ಜೀವ ಅದು, ನಂಬಲಿಲ್ಲ. ಹೊದಿಕೆ, ದಿಂಬು, ಎರಡು ಹೊತ್ತಿನ ಬುತ್ತಿ ಕಟ್ಟಿಕೊಂಡೇ ಹೋದರು. ಊರಿಗೆ ಮರಳಿದವರು ನೇರ ನನ್ನ ಅಂಗಡಿಗೆ ಬಂದರು. ಮುಖ ಕೆಂಪು.

“ಒಂದ್ ನಿದ್ರೆ ತೆಗ್ದ್, ಬುತ್ತಿ ಬಿಚ್ಚಿ ಎರಡ್ ತುತ್ತ್ ಹಾಕುದ್ರೊಳ್ಗೆ ಇಳೀಕಂಬ್ರ್! ಇನ್ನೊಂದ್ಸಲ ನಿಧಾನ ಹೋಪು ವಿಮಾನ ಇದ್ರೆ ಮಾತ್ರ ಟಿಕೆಟ್ ಮಾಡಿ.”

ಏಡಿಯ ಲೆಕ್ಕ

ಮರವಂತೆಯ ಮೀನು ಮಾರುವ ಅಕ್ಕನದು ಹಾಗಲ್ಲ. ಮುಂಬಯಿಯಲ್ಲಿದ್ದ ಮಗಳು ಚೊಚ್ಚಲ ಬಸುರಿ. ಏನು ತಿಂದರೂ ವಾಂತಿ. ಅಮ್ಮನ ಕೈಯ ಏಡಿ ಸಾರು ಬೇಕೆಂದು ಅತ್ತಿದ್ದಳಂತೆ. ಸತ್ತ ಏಡಿ ಸಾರಿಗಾಗದು.

“ಏಡಿ ಜೀವ ಇಪ್ಪೊಳ್ಗೆ ಮುಂಬಯಿ ಮುಟ್ಕ್. ವಿಮಾನದ ಹೊತ್ತ್ ಹೇಳ್ಬೇಡಿ ಮಾರಾಯ್ರೆ, ನಮ್ಮನಿ ಬಾಗ್ಲಿಂದ ಮಗ್ಳ ಮನಿ ಬಾಗ್ಲಿಗೆ ಹೇಳಿ.”

ಇಂಥ ಪ್ರಶ್ನೆಗೇ ನಾನು ಇಷ್ಟು ವರ್ಷ ಕಾದದ್ದು! ಮರವಂತೆಯಿಂದ ಬಜಪೆಯ ದಾರಿ, ಅಲ್ಲಿ ಕಾಯುವುದು, ಹಾರುವುದು, ಮುಂಬಯಿಯ ಟ್ಯಾಕ್ಸಿ, ಎಲ್ಲ ಕೂಡಿಸಿ ಹೇಳಿದೆ. “ಇಷ್ಟಾದ್ರೆ ಬದುಕ್ತ್” ಎಂದು ಒದ್ದೆ ಗೋಣಿಯಲ್ಲಿ ಏಡಿ ಕಟ್ಟಿಕೊಂಡು ಹೊರಟೇಬಿಟ್ಟಳು. ಆ ಇಡೀ ದಿನ ನನಗೆ ಊಟ ಸೇರಲಿಲ್ಲ. ವಿಮಾನ ತಡವಾದರೆ ಆ ಹುಡುಗಿಯ ಗತಿ ಏನು?

ಮರುದಿನ ಫೋನು ಬಂತು.

“ಹ್ವಾಯ್, ನಿಮ್ ಲೆಕ್ಕ ಸಮಾ ಇತ್ತ್. ಒಂದ್ ಏಡಿಯೂ ಸಾಯ್ಲಿಲ್ಲೆ.”

ನಾನು ಕುರ್ಚಿಯಿಂದ ಎದ್ದೇ ನಿಂತೆ. “ಮಗಳು ಉಂಡಳಾ?”

“ಸಾರ್ ಕುದಿಯುಕೆ ಶುರು ಆದದ್ದೇ ಮೂಗ್ ಮುಚ್ಕಂಡ್ಳ್. ಈಗ ಏಡಿ ವಾಸ್ನಿಯೇ ಆತಿಲ್ಲೆ ಅಂಬ್ರ್. ಪೂರಾ ಅಳಿಯನೇ ಉಂಡ.”

“ಅಯ್ಯೋ ಅಕ್ಕಾ, ಮತ್ತೆ ಅವಳಿಗೆ?”

“ಗಂಜಿ ಮಾಡಿ ಕೊಟ್ಟೆ. ಒಂದ್ ಬಟ್ಲ್ ಪೂರಾ ಉಂಡ್ಳ್, ಹೊಟ್ಟಿಯಗೆ ನಿಂತ್ತ್, ಸಾಕ್. ಈಗ ಮನಿ ಮಿಡಿ ಉಪ್ಪಿನ್ಕಾಯ್ ಬೇಕಂಬ್ರ್. ನಮ್ಮವ್ರ್ ಭರಣಿ ತಂದ್ ಕೊಡ್ತ್ರ್, ಮುಂಬಯಿ ಬಸ್ಸಿಗೇ ಹಾಕಿ. ಹೊತ್ತ್ ಲೆಕ್ಕ ಹಾಕ್ತಾ ಕೂಕಂಬ್ಯಾಡಿ, ಅದ್ ಸಾಯೂ ಜಾತಿ ಅಲ್ಲ!”