ಕೈಗೆ ಕಾಲುಚೀಲ

ಅಂಬಾದಿಯೊ ಗಿಂದೊನಿಗೆ ಡಾಕ್ಟರುಗಳ ಮೇಲೆ ಯಾವ ದೂರೂ ಇರಲಿಲ್ಲ. ಸೆವಾರೆ ಊರಿನ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುವ ಏಕೈಕ ಡಾಕ್ಟರಮ್ಮ ಕರಬೆಂತಾ ಅವರು ಬೊಜೊ ಕುಲದಲ್ಲಿ ಹುಟ್ಟಿದ್ದರಲ್ಲ, ದೂರು ಇದ್ದದ್ದು ಅದರ ಮೇಲೆ. ಇವನೋ ಅಪ್ಪಟ ಡೊಗೊನ್. ಡೊಗೊನ್ನರು ಬೆಟ್ಟದಲ್ಲಿ ಈರುಳ್ಳಿ ಬೆಳೆಯುವವರು, ಬೊಜೊಗಳು ಹೊಳೆಯಲ್ಲಿ ಮೀನು ಹಿಡಿಯುವವರು. ಯಾವ ಕಾಲದಲ್ಲೋ ಎರಡೂ ಕಡೆಯ ಅಜ್ಜಂದಿರು ಆಣೆ ಹಾಕಿಕೊಂಡಿದ್ದಾರೆ: ಒಬ್ಬರಿಗೊಬ್ಬರು ಕೇಡು ಮಾಡುವಂತಿಲ್ಲ, ಕಂಡಲ್ಲಿ ಗೇಲಿ ಮಾಡದೆ ಬಿಡುವಂತಿಲ್ಲ, ಗೇಲಿಗೆ ಸಿಟ್ಟಾಗುವಂತೆಯೂ ಇಲ್ಲ. ಹಾಗಾಗಿ ಬೊಜೊ ಬಾಯಿಂದ ಬಂದ ಮಾತಿಗೆ ಹೊಟ್ಟೆ ತುಂಬ ನಕ್ಕು, ಮನೆಗೆ ಬರುವಷ್ಟರಲ್ಲಿ ಮರೆತುಬಿಡುವುದು ಗಿಂದೊ ವಂಶದ ಸನಾತನ ಪದ್ಧತಿ. (ಬೊಜೊಗಳೂ ಹಾಗೇ ಮಾಡುತ್ತಾರೆ. ಯಾರಿಗೂ ನಷ್ಟವಿಲ್ಲ.)

ಈಗ ನಷ್ಟವಾಗುತ್ತಿದ್ದದ್ದು ಮಗಳು ಕಾದಿಯಾಗೆ. ಐದು ವರ್ಷದ ಮಗು. ಬೇಸಿಗೆಯ ಬಿಸಿಲು ಏರುತ್ತಿದ್ದಂತೆ ಅವಳ ಅಂಗೈಯಲ್ಲಿ, ಬೆರಳುಗಳ ಪಕ್ಕದಲ್ಲಿ ಸಜ್ಜೆ ಕಾಳಿನಷ್ಟು ಸಣ್ಣ ನೀರುಗುಳ್ಳೆಗಳು ಎದ್ದವು. ತುರಿಕೆಯೋ ತುರಿಕೆ. ಕೆರೆದರೆ ಒಡೆದು ಉರಿ, ಒಣಗಿದರೆ ಚರ್ಮ ಬಿರಿದು ನೋವು. ಎಲ್ಲರೂ ಒಂದೇ ಬೋಗುಣಿಗೆ ಕೈ ಹಾಕಿ ಮುದ್ದೆ ತಿನ್ನುವಾಗ, ಸಾರಿನ ಖಾರ ತಾಗಿದೊಡನೆ ಕೈ ಎಳೆದುಕೊಂಡು ಸುಮ್ಮನೆ ಕೂತುಬಿಡುತ್ತಿದ್ದಳು. ಅಳುತ್ತಲೂ ಇರಲಿಲ್ಲ. ಅತ್ತಿದ್ದರೆ ಗದರಿಸಿಯಾದರೂ ಸಮಾಧಾನ ಪಡಬಹುದಿತ್ತು. ಅಳದ ಮಗುವನ್ನು ನೋಡಲಾಗದೆ ಅಂಬಾದಿಯೊ ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ.

ಆ ಸಂಕಟದಲ್ಲೇ ಅವನು ಗುಳ್ಳೆಗಳ ಮೇಲೆ ದಂಡಯಾತ್ರೆ ಹೊರಟ. ಮೊದಲು ಬಟ್ಟೆ ಸೋಪು. ಆಮೇಲೆ ಉಪ್ಪುನೀರು. ಆಮೇಲೆ ನಿಂಬೆಹಣ್ಣು.

"ರೀ, ಅದು ಮಗೂ ಕೈ ಕಣ್ರೀ, ಸೀದ ಪಾತ್ರೆ ಅಲ್ಲ!" ಎಂದು ಹೆಂಡತಿ ಯಾಪಾಮ ನಿಂಬೆಹಣ್ಣು ಕಸಿದುಕೊಂಡಳು. "ನಾಳೆ ಡಾಕ್ಟರಮ್ಮನ ಹತ್ರ ಹೋಗಿ."

"ಆ ಮೀನು ಡಾಕ್ಟರಮ್ಮನ ಹತ್ರಾನಾ?"

"ಈರುಳ್ಳಿ ಡಾಕ್ಟರು ಮನೇಲಿ ಮಾಡಿದ್ದು ಸಾಕು. ಹೊರಡಿ."

ಹೊರಟ. ಡಾಕ್ಟರಮ್ಮ ಚೀಟಿಯಲ್ಲಿ ಗಿಂದೊ ಎಂಬ ಹೆಸರು ಓದಿದ್ದೇ ತಡ, ಮೂಗು ಮುಚ್ಚಿಕೊಂಡರು. "ಬನ್ನಿ ಬನ್ನಿ, ಈರುಳ್ಳಿ ಸಾಹುಕಾರ್ರೇ! ನೀವು ಗೇಟಿನ ಹತ್ರ ಇದ್ದಾಗ್ಲೇ ನನ್ನ ಕಣ್ಣಲ್ಲಿ ನೀರು ಬಂತು."

"ನಿಮ್ಮ ಮೂಗಿಗೆ ಮೀನು ಬಿಟ್ಟು ಬೇರೆ ವಾಸನೇನೂ ತಿಳಿಯುತ್ತಾ ಡಾಕ್ಟರಮ್ಮ?"

ಹೀಗೆ ಮರ್ಯಾದೆಯ ಕ್ಷೇಮಸಮಾಚಾರ ಮುಗಿದ ಮೇಲೆ ಡಾಕ್ಟರಮ್ಮ ಕಾದಿಯಾಳ ಅಂಗೈ ಬಿಡಿಸಿ ನೋಡಿದರು. "ಇದು ಒಂಥರಾ ಎಕ್ಸಿಮಾ. ಅಂಟುರೋಗ ಅಲ್ಲ, ಯಾರ ದೃಷ್ಟೀನೂ ಅಲ್ಲ. ಹೋಗುತ್ತೆ, ಆಗಾಗ ಮತ್ತೆ ಬರುತ್ತೆ, ಹುಷಾರಾಗಿರ್ಬೇಕು. ಮುಲಾಮು ಕೊಡ್ತೀನಿ. ಗುಳ್ಳೆ ಒಡೀಬೇಡಿ. ಸೋಪು, ನಿಂಬೆಹಣ್ಣು ಮುಟ್ಟಿಸ್ಬೇಡಿ. ಮುಖ್ಯವಾಗಿ, ಮಗೂನ ಈರುಳ್ಳಿ ಹತ್ರ ಬಿಡ್ಬೇಡಿ."

ಈರುಳ್ಳಿ ಎಂಬ ಮಾತು ಬಂದ ಕೂಡಲೇ ಅಂಬಾದಿಯೊನ ಬಾಯಿ ಕಿವಿಯವರೆಗೆ ಅಗಲವಾಯಿತು. "ಆಮೇಲೆ?"

"ಮಲಗೋವಾಗ ಮುಲಾಮು ಹಚ್ಚಿ, ಮೇಲೆ ಕೈಗೆ ಹತ್ತಿ ಕಾಲುಚೀಲ ಹಾಕಿ."

ಕೈಗೆ ಕಾಲುಚೀಲ! ಅದೂ ಈ ಬೇಸಿಗೆಯಲ್ಲಿ! ಅಂಬಾದಿಯೊ ಕೂತಿದ್ದ ಬೆಂಚು ಅಲುಗಾಡುವ ಹಾಗೆ ನಕ್ಕ. ಇಂಥ ಗಟ್ಟಿ ಗೇಲಿಯನ್ನು ಅವನು ತನ್ನ ಜನ್ಮದಲ್ಲಿ ಕೇಳಿರಲಿಲ್ಲ. ಡಾಕ್ಟರಮ್ಮನ ಬುದ್ಧಿಗೆ ಮನಸಾರೆ ಮೆಚ್ಚಿ, ಮುಲಾಮು ತೆಗೆದುಕೊಂಡು, ದಾರಿಯುದ್ದಕ್ಕೂ ನಗುತ್ತ ಮನೆಗೆ ಬಂದ.

"ಏನಂದ್ರು?" ಎಂದಳು ಯಾಪಾಮ.

"ಮುಲಾಮು ಕೊಟ್ರು. ಉಳಿದದ್ದೆಲ್ಲ ಬೊಜೊ ಮಾತು, ಬಿಡು."

ಇಲ್ಲಿ ಗಿಂದೊ ಮನೆತನದ ಉದ್ಯಮದ ಬಗ್ಗೆ ಹೇಳಲೇಬೇಕು. ಹಸಿ ಈರುಳ್ಳಿಯನ್ನು ಒರಳಲ್ಲಿ ಜಜ್ಜಿ, ಉಂಡೆ ಕಟ್ಟಿ, ಬಿಸಿಲಲ್ಲಿ ಒಣಗಿಸಿ ಮಾರುವುದು ಅಂಬಾದಿಯೊನ ಕಸುಬು. ಆ ಉಂಡೆಗಳನ್ನು ಕಾದಿಯಾಳಷ್ಟು ಗುಂಡಗೆ ಕಟ್ಟುವವರು ಇಡೀ ಬೀದಿಯಲ್ಲಿ ಇರಲಿಲ್ಲ. ಅಪ್ಪನ ಪಕ್ಕ ಕೂತು, ಜಜ್ಜಿದ ಈರುಳ್ಳಿಯಲ್ಲಿ ಮಣಿಕಟ್ಟಿನವರೆಗೆ ಕೈ ಅದ್ದಿ, ಪುಟ್ಟ ಪುಟ್ಟ ಉಂಡೆ ಕಟ್ಟುವುದು ಅವಳಿಗೆ ಆಟ. "ಗಿಂದೊಗಳ ಕೈ ನೋಡಿ, ಹುಟ್ಟುತ್ತಲೇ ಕಲಿತು ಬಂದಿದೆ!" ಎಂದು ಇವನು ಗಿರಾಕಿಗಳಿಗೆ ತೋರಿಸುತ್ತಿದ್ದ. ಮುಲಾಮು ಹಚ್ಚಿದ ಕೈ ಮತ್ತೆ ಈರುಳ್ಳಿಗೆ ಹೋಯಿತು, ಈರುಳ್ಳಿಯಿಂದ ಸೋಪಿಗೆ ಹೋಯಿತು. ಸ್ವಲ್ಪ ದಿನದಲ್ಲೇ ಗುಳ್ಳೆಗಳು ಕೂಡಿಕೊಂಡು ದೊಡ್ಡವಾದವು. ಮಗುವಿಗೆ ಬಾಗಿಲ ಅಗುಳಿ ಹಿಡಿಯಲೂ ಆಗದೆ ಹೋಯಿತು.

ಈ ಸಲ ಯಾಪಾಮಳೂ ಜತೆಗೆ ಬಂದಳು. ಡಾಕ್ಟರಮ್ಮ ಕೈ ನೋಡಿ ಹುಬ್ಬು ಗಂಟಿಕ್ಕಿದರು. "ಕಾಲುಚೀಲ ಹಾಕಿದ್ರಾ?"

ಅಂಬಾದಿಯೊ ತೊಡೆ ತಟ್ಟಿಕೊಂಡು ನಕ್ಕ. "ಅದು ಚೆನ್ನಾಗಿತ್ತು ಡಾಕ್ಟರಮ್ಮ! ನಾನು ಪೇಟೇಲಿ ಎಲ್ರಿಗೂ ಹೇಳಿದ್ದೀನಿ."

"ನಾನು ತಮಾಷೆ ಮಾಡ್ಲಿಲ್ಲ."

"ಆಹಾ! ಮುಖ ನೋಡೇ ಯಾಪಾಮ, ಒಂಚೂರೂ ಅಲುಗಾಡ್ತಿಲ್ಲ!"

"ರೀ!" ಎಂದಳು ಯಾಪಾಮ. ಅವಳಿಗೆ ಎಲ್ಲ ಒಮ್ಮೆಲೇ ಅರ್ಥವಾಗಿತ್ತು. "ನೀವು ಇಷ್ಟು ದಿನ ಔಷಧೀನ ತಮಾಷೆ ಅಂದ್ಕೊಂಡು ಕೂತಿದ್ರಾ?"

"ಬೊಜೊ ಮಾತಲ್ಲಿ ಔಷಧಿ ಯಾವುದು, ತಮಾಷೆ ಯಾವುದು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಡಾಕ್ಟರಮ್ಮ ಎದ್ದು ಬಂದು ಕಾದಿಯಾಳ ತಲೆಯ ಮೇಲೆ ಕೈಯಿಟ್ಟರು. "ನಮ್ಮಜ್ಜ ನಿಮ್ಮಜ್ಜ ಹಾಕ್ಕೊಂಡ ಆಣೆ ಮೇಲೆ ಹೇಳ್ತೀನಿ. ಈ ಮಗು ಕೈಗೆ ಈರುಳ್ಳಿ ವಿಷ. ಮುಲಾಮು, ಕಾಲುಚೀಲ ಔಷಧಿ. ಇದರಲ್ಲಿ ನಗೋ ಮಾತು ಒಂದೂ ಇಲ್ಲ."

ಆ ಆಣೆಯೊಂದಿಗೆ ಯಾರೂ ಆಟವಾಡುವುದಿಲ್ಲ. ಅಂಬಾದಿಯೊನ ನಗು ಅಲ್ಲೇ ನಿಂತಿತು. ಮಗಳ ಕೈಯನ್ನು ತಾನೇ ಉರಿಯಲ್ಲಿ ಅದ್ದುತ್ತ ಕೂತಿದ್ದೆ ಎಂಬುದು ತಿಳಿದು ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಮನೆಗೆ ಬಂದವನೇ ಒರಳನ್ನು ಹಿತ್ತಲಿಗೆ ಸಾಗಿಸಿ, ಕಾದಿಯಾ ಅತ್ತ ಸುಳಿಯದ ಹಾಗೆ ಬೇಲಿ ಕಟ್ಟಿದ. ಉಂಡೆಗಳನ್ನು ತಾನೊಬ್ಬನೇ ಕಟ್ಟಿದ. (ಅವು ಉಂಡೆಗಳೆಂದು ಗಿರಾಕಿಗಳು ಒಪ್ಪಲಿಲ್ಲ, ಅದು ಬೇರೆ ಮಾತು.) ಕಾಲುಚೀಲದ ಕೈಗಳಲ್ಲಿ ಕಾದಿಯಾ ಬೊಂಬೆಯಾಟ ಆಡಿಕೊಂಡು ನಿದ್ದೆ ಮಾಡತೊಡಗಿದಳು.

ಮಳೆ ಶುರುವಾಗುವ ಹೊತ್ತಿಗೆ ಅವಳ ಅಂಗೈ ನುಣ್ಣಗಾಗಿತ್ತು. ಅದನ್ನು ತೋರಿಸಲು ಹೋದ ಅಂಬಾದಿಯೊನ ಕೃತಜ್ಞತೆ ಉಕ್ಕಿ ಹರಿಯುತ್ತಿತ್ತು. "ಇನ್ಮೇಲೆ ನೀವು ಹೇಳಿದ್ದೇ ಮಾತು ಡಾಕ್ಟರಮ್ಮ. ಆಣೆಗೀಣೆ ಏನೂ ಬೇಡ."

ಡಾಕ್ಟರಮ್ಮ ಒಂದು ಕ್ಷಣ ಅವನನ್ನೇ ನೋಡಿದರು. "ಹೌದಾ? ಎಲ್ಲಿ, ನಿಮ್ಮ ಕೈ ತೋರ್ಸಿ. ಅಯ್ಯೋ! ಉಂಡೆ ಕಟ್ಟಿದ್ದೀರಾ? ನಿಮಗೂ ಕಾಲುಚೀಲ ಬೇಕು, ಹಗಲೂ ರಾತ್ರಿ. ಒಂದು ಕೆಂಪು, ಒಂದು ಹಸಿರು. ದಿನಾ ಬೆಳಿಗ್ಗೆ ಮೀನು ಪೇಟೇಲಿ ಕೈ ಮೇಲೆತ್ತಿಕೊಂಡು ಒಂದು ಸುತ್ತು ಹಾಕಿ. ಆ ಗಾಳಿ ಅಂಗೈಗೆ ಒಳ್ಳೇದು."

ಅಂಬಾದಿಯೊ ತಲೆಬಾಗಿ ಒಪ್ಪಿಕೊಂಡ. ಮಾರನೆಯ ಬೆಳಿಗ್ಗೆಯಿಂದಲೇ ಕೆಂಪು ಹಸಿರು ಕೈಗಳನ್ನು ಮೇಲೆತ್ತಿಕೊಂಡು ಮೀನು ಪೇಟೆ ಸುತ್ತತೊಡಗಿದ. ಬೊಜೊ ಹೆಂಗಸರು ಬುಟ್ಟಿ ಬಿಟ್ಟು ಎದ್ದು ನಿಂತು ದಾರಿ ಮಾಡಿಕೊಡುತ್ತಿದ್ದರು. ಒಂದು ದಿನ ಅವರಲ್ಲಿ ಹಿರಿಯಳಾದ ಮುದುಕಿಗೆ ನಗು ತಡೆಯಲಾಗಲಿಲ್ಲ.

"ಸಾಕು ಮಾಡಪ್ಪ, ಪಕ್ಕೆ ನೋವು ಬಂತು! ಡಾಕ್ಟರಮ್ಮ ನನ್ನ ತಂಗಿ ಮಗಳು. ನಿನ್ನ ಕೈಗೆ ಏನೂ ಆಗಿಲ್ವಂತೆ!"

ಸಿಟ್ಟಾಗುವಂತಿಲ್ಲವಲ್ಲ. ಅಂಬಾದಿಯೊ ಹಲ್ಲು ಕಚ್ಚಿ ನಕ್ಕು ಮನೆಗೆ ಬಂದ. ಕಾಲುಚೀಲ ಕಿತ್ತೆಸೆಯಬೇಕು ಅನ್ನುವಷ್ಟರಲ್ಲಿ ಯಾಪಾಮ ಬೋಗುಣಿ ತಂದಿಟ್ಟಳು. ಕಾದಿಯಾ ಅಪ್ಪನ ಪಕ್ಕ ಒತ್ತಿಕೊಂಡು ಕೂತಳು.

"ಅಪ್ಪಾ, ನೀನು ಕೈ ಹಾಕ್ಬೇಡ, ಸಾರು ಉರಿಯುತ್ತೆ. ನಾನು ತಿನ್ನಿಸ್ತೀನಿ."

ಅವಳ ಕೈ ಖಾರದ ಸಾರಿಗೆ ಯಾವ ಅಂಜಿಕೆಯೂ ಇಲ್ಲದೆ ಇಳಿಯಿತು. ಮುದ್ದೆಯ ತುತ್ತು ಮಾಡಿ, ಸಾರಲ್ಲಿ ಅದ್ದಿ, ಅಪ್ಪನ ಬಾಯಿಗಿಟ್ಟಿತು. ಅಂಬಾದಿಯೊಗೆ ಕಣ್ಣು ತುಂಬಿ ಬಂತು.

"ಇನ್ನೂ ಎಷ್ಟು ದಿನ ಹಾಕ್ಕೋಬೇಕಂತೆ ಅದನ್ನ?" ಎಂದಳು ಯಾಪಾಮ.

"ಇನ್ನೂ ಸ್ವಲ್ಪ ದಿನ ಹಾಕ್ಕೋಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ," ಎಂದ ಅಂಬಾದಿಯೊ, ಮುಂದಿನ ತುತ್ತಿಗೆ ಬಾಯಿ ತೆರೆಯುತ್ತ.

ಯಾಪಾಮ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಳು. ದಿನಾ ಮೀನು ತರಲು ಅವಳೂ ಅದೇ ಪೇಟೆಗೆ ಹೋಗುವವಳು.