ಹ್ಯೂಗೋನ ಭಾರ

ತೊಂದರೆ ಶುರುವಾದದ್ದು ಹಿಲ್ಯ ಆಡಿದ ಒಂದು ಮಾತಿನಿಂದ. ತೀರಿಕೊಂಡ ತನ್ನ ಗಂಡ ಹ್ಯೂಗೋ ತೆರೆದ ಟ್ರಕ್ಕಿನ ಮೇಲೆ, ಬೇಟೆಯಾಡಿ ತಂದ ಜಿಂಕೆಯ ಹಾಗೆ ಹಿಮ ಹೊದ್ದುಕೊಂಡು ಹೋಗುವುದು ಬೇಡ, ತಲೆಯ ಮೇಲೊಂದು ಸೂರಿರುವ ಗಾಡಿಯಲ್ಲಿ ಹೋಗಲಿ ಎಂದಳು ಆಕೆ. ಪೇಟೆಯಿಂದ ಹೆಣದ ಕರಿಗಾಡಿ ಆ ಹಿಮದಲ್ಲಿ ಬರುವುದು ಸಾಧ್ಯವಿರಲಿಲ್ಲ. ಸರೋವರದ ಹಿಂದಿನ ಆ ಕಾಡುರಸ್ತೆಯಲ್ಲಿ ಸೂರಿರುವ ಉದ್ದನೆಯ ಗಾಡಿ ಇದ್ದದ್ದು ಒಂದೇ, ಆರ್ನಿ ಪೆಲ್ಟೊಲನ ಬ್ರೆಡ್ಡಿನ ವ್ಯಾನು.

ಆ ವ್ಯಾನಿಗೆ ಹಿಂದಿನ ಎರಡು ಚಕ್ರಗಳಲ್ಲಷ್ಟೇ ಎಳೆತ. ಹಿಂಭಾಗದಲ್ಲಿ ಭಾರವಿದ್ದರೆ ಚಕ್ರ ನೆಲ ಕಚ್ಚುತ್ತದೆ, ಇಲ್ಲದಿದ್ದರೆ ಇಲ್ಲ. ಬ್ರೆಡ್ಡು ತೂಕದ ಪದಾರ್ಥವಲ್ಲ. ಹಾಗಾಗಿ ಬೇಸಗೆಯಲ್ಲಿ ಕುದುರೆಯಂತಿರುವ ವ್ಯಾನು ಹಿಮ ಬಿದ್ದೊಡನೆ ಸೋಪು ಹಚ್ಚಿದ ಹಂದಿಯಾಗುತ್ತಿತ್ತು. ಪ್ರತಿ ಚಳಿಗಾಲವೂ ಅದು ಎಲ್ಲಿಯಾದರೂ ಹಳ್ಳಕ್ಕೆ ಜಾರುವುದು, ಹೆಚ್ಚಾಗಿ ಹ್ಯೂಗೋನ ಮನೆ ಮುಂದಿನ ತಿರುವಿನಲ್ಲೇ ಜಾರುವುದು, ಹ್ಯೂಗೋ ತನ್ನ ಹಳೆಯ ಕೆಂಪು ಟ್ರ್ಯಾಕ್ಟರು ಹತ್ತಿ ಬರುವುದು, ಎರಡು ಬಕೆಟ್ಟು ಒಣ ಮರಳನ್ನು ಚಕ್ರದಡಿ ಸುರಿದು, ಸರಪಳಿ ಕಟ್ಟಿ ಎಳೆಯುವುದು, ಇದೆಲ್ಲ ಕ್ರಿಸ್‌ಮಸ್ಸಿನಷ್ಟೇ ಖಚಿತವಾಗಿತ್ತು. ಎಳೆದು ಮುಗಿಸಿದ ಮೇಲೆ ಹ್ಯೂಗೋ ಕೈಗವಸು ಕೊಡವುತ್ತ ಒಂದೇ ಮಾತು ಹೇಳುತ್ತಿದ್ದ: "ನಾನು ಸತ್ತ ದಿನವೂ ನಿನ್ನನ್ನ ಎಳೆಯೋಕೆ ನಾನೇ ಬರಬೇಕಾಗುತ್ತೆ ನೋಡು."

ಈ ಮಾತನ್ನು ಊರೆಲ್ಲ ಕೇಳಿತ್ತು. ಆದ್ದರಿಂದಲೇ ಹಿಲ್ಯ ವ್ಯಾನು ಕೇಳಿದಾಗ ಆರ್ನಿ ಒಪ್ಪಿಕೊಂಡದ್ದು. ಒಂದೇ ಒಂದು ದಿನ, ಈ ಒಂದು ದಾರಿ, ಯಾರ ಸಹಾಯವೂ ಇಲ್ಲದೆ ಹ್ಯೂಗೋನನ್ನು ಗುಡ್ಡದ ಮೇಲಿನ ಇಗರ್ಜಿಗೆ ಮುಟ್ಟಿಸಬೇಕು. ಅಷ್ಟಾದರೆ ಸತ್ತವನಿಗೂ ಮರ್ಯಾದೆ, ಬದುಕಿರುವವನಿಗೂ.

ಚಳಿಗಾಲದಲ್ಲಿ ಅಲ್ಲಿ ಯಾರನ್ನೂ ಹೂಳುವುದಿಲ್ಲ. ನೆಲ ಕಬ್ಬಿಣವಾಗಿರುತ್ತದೆ. ಇಗರ್ಜಿಯ ಹಿಂದಿನ ಕಲ್ಲುಕೋಣೆಯಲ್ಲಿ ಪೆಟ್ಟಿಗೆ ಇಟ್ಟು ಬೀಗ ಹಾಕಿದರೆ, ಹಿಮ ಕರಗಿದ ಮೇಲೆಯೇ ಗುಂಡಿ. ಆ ಬೀಗದ ಕೈ ಇರುವ ಪಾದ್ರಿಗೆ ಬೇರೆ ಊರುಗಳ ಇಗರ್ಜಿಗಳೂ ಇದ್ದವು. ಸಂಜೆಗೆ ಮತ್ತೆ ಹಿಮ ಸುರಿಯುವ ಸೂಚನೆಯಿತ್ತು. ಬೆಳಕಿರುವಾಗ ಹ್ಯೂಗೋ ಬಾರದಿದ್ದರೆ ತಾವು ಹೊರಟುಬಿಡುವುದಾಗಿ ಪಾದ್ರಿ ಹೇಳಿಕಳಿಸಿದ್ದರು. ಹಿಲ್ಯಳನ್ನು ಮಾತ್ರ ಬೆಳಿಗ್ಗೆಯೇ ಬಂದು ತಮ್ಮ ಕಾರಿನಲ್ಲಿ ಕರೆದೊಯ್ದರು. ಹೊರಡುವಾಗ ಹಿಲ್ಯ ಆರ್ನಿಗೆ, ಅವರು ಸೌನಾದಲ್ಲಿದ್ದಾರೆ, ಎಲ್ಲ ಸಿದ್ಧವಾಗಿದೆ, ನೀವು ತಂದುಬಿಡಿ ಎಂದಷ್ಟೇ ಹೇಳಿದ್ದಳು.

ಸೌನಾ ಎಂದರೆ ಹಿತ್ತಿಲಿನ ಆವಿಸ್ನಾನದ ಮನೆ. ಒಲೆ ಹಚ್ಚದಿದ್ದರೆ ಅದಕ್ಕಿಂತ ತಣ್ಣನೆಯ, ಶುಭ್ರವಾದ ಜಾಗ ಬೇರೊಂದಿಲ್ಲ. ಹುಟ್ಟಿದವರನ್ನೂ ಸತ್ತವರನ್ನೂ ತೊಳೆಯುವುದು ಅಲ್ಲಿಯೇ. ಆರ್ನಿ ಹೋದಾಗ ಬಟ್ಟೆ ಕಳಚುವ ಹೊರಕೋಣೆಯಲ್ಲಿ ಪೆಟ್ಟಿಗೆ ಕಾಯುತ್ತಿತ್ತು. ಹ್ಯೂಗೋ ಎಷ್ಟೋ ವರ್ಷದ ಹಿಂದೆ ತಾನೇ ತನಗಾಗಿ ಪೈನ್ ಹಲಗೆಯಲ್ಲಿ ಮಾಡಿಕೊಂಡಿದ್ದ ಪೆಟ್ಟಿಗೆ. ಮುಚ್ಚಳಕ್ಕೆ ಸುತ್ತಲೂ ತಿರುಪುಮೊಳೆ ಬಿಗಿದಿತ್ತು.

ಹೆಗಲು ಕೊಡಲು ಬಂದವರು ಇಬ್ಬರು. ಎಡ್ವಿನ್‌ನದು ಹಿಮ ಗೋರುವ ಟ್ರಕ್ಕು, ನಾಲ್ಕು ಚಕ್ರಕ್ಕೂ ಎಳೆತ, ಅವನ ಬಾಯಿಗೂ ಹಾಗೆಯೇ. ಒನ್ನಿ ಮುದುಕ, ಕಾರು ಕಂಡುಹಿಡಿಯುವ ಮೊದಲಿನಿಂದ ತಾನು ಗಾಡಿ ಓಡಿಸುತ್ತಿದ್ದೇನೆ ಎನ್ನುವಂಥವನು. ಹೊರಡುವ ಮೊದಲು ಆರ್ನಿ ರೂಢಿಯಂತೆ ಒಳಬಾಗಿಲನ್ನು ಒಮ್ಮೆ ತಟ್ಟಿದ. ಉತ್ತರ ಬರಲಿಲ್ಲ. ಸೌನಾದ ಒಳಬಾಗಿಲನ್ನು ಒಳಗಿನವರು ಓಗೊಡದೆ ತೆರೆಯುವ ಸಂಪ್ರದಾಯ ಅವರಲ್ಲಿ ಇರಲಿಲ್ಲ. ಬಿಟ್ಟ.

ಮೂವರೂ ಸೇರಿ ಎತ್ತಿದರು. ಪೆಟ್ಟಿಗೆ ಅಲುಗಲಿಲ್ಲ.

"ಕಾಯಿಲೆಯಲ್ಲೂ ಊಟ ಬಿಟ್ಟಿಲ್ಲ ಇವನು," ಎಂದ ಎಡ್ವಿನ್.

ಹ್ಯೂಗೋ ಬದುಕಿದ್ದಾಗ ಬಾಗಿಲಿಗೆ ಓರೆಯಾಗಿಯೇ ನುಗ್ಗಬೇಕಾದ ಆಳು. ಶರತ್ಕಾಲದಲ್ಲಿ ಹಾಸಿಗೆ ಹಿಡಿದ ಮೇಲೆ ಅವನನ್ನು ಯಾರೂ ನೋಡಿರಲಿಲ್ಲ. ಆರ್ನಿ ಬ್ರೆಡ್ಡು ಕೊಡಲು ಹೋದಾಗಲೆಲ್ಲ ಹಿಲ್ಯ, ಮಲಗಿದ್ದಾರೆ, ಎನ್ನುತ್ತಿದ್ದಳು. ಸೌದೆ ಎಳೆಯುವ ಜಾರುಬಂಡಿಯ ಮೇಲೆ ಪೆಟ್ಟಿಗೆಯನ್ನು ಹೇಗೋ ಹೇರಿ ವ್ಯಾನಿನ ತನಕ ಎಳೆದು, ಹಲಗೆಯಿಟ್ಟು ಒಳಗೆ ನೂಕುವಷ್ಟರಲ್ಲಿ ಮೂವರ ಮೀಸೆಯಲ್ಲೂ ಮಂಜು ಕಟ್ಟಿತ್ತು.

ಇನ್ನು ಉಪದೇಶ. ಚಕ್ರದ ಗಾಳಿ ಇಳಿಸು ಎಂದ ಎಡ್ವಿನ್. ಇಳಿಸಿದರೆ ಕೆಟ್ಟೆ ಎಂದ ಒನ್ನಿ. ಏರು ಬಂದಾಗ ಒಮ್ಮೆಲೇ ನುಗ್ಗಿಬಿಡು ಎಂದು ಒಬ್ಬ, ಮೊಟ್ಟೆಯ ಮೇಲೆ ಕೂತವನ ಹಾಗೆ ಹೋಗು ಎಂದು ಇನ್ನೊಬ್ಬ. ಇಳಿಜಾರಿನಲ್ಲಿ ಬ್ರೇಕಿಗೆ ಕಾಲು ಸೋಕಿಸಬೇಡ, ಎರಡನೇ ಗೇರು ಬಿಡಬೇಡ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಕೊನೆಗೆ ಎಡ್ವಿನ್ ಹಿಮ ಗೋರುತ್ತ ಮುಂದೆ ಹೊರಟ, ಒನ್ನಿ ಅವನ ಪಕ್ಕ ಕೂತು ಹಿಂದಕ್ಕೆ ತಿರುಗಿ ವ್ಯಾನನ್ನೇ ನೋಡುತ್ತಿದ್ದ.

ಆರ್ನಿ ಉಸಿರು ಹಿಡಿದು ತಿರುವಿಗೆ ಬಂದ. ವ್ಯಾನಿನ ಬಾಲ ಎಂದಿನಂತೆ ಕುಣಿಯಲಿಲ್ಲ. ಸಾಧುವಾದ ಹಸುವಿನಂತೆ ತಿರುಗಿತು. ಸೇತುವೆಯ ಹಿಮಗಡ್ಡೆಯ ಮೇಲೂ ಹಾಗೆಯೇ. ಮಿಲ್ಲಿನ ಏರಿನಲ್ಲಿ ಚಕ್ರಗಳು ನೆಲ ಕಚ್ಚಿಕೊಂಡು ಒಂದೇ ಸಮನೆ ಮೇಲೇರಿದವು. ಹ್ಯೂಗೋನೇ, ಎಂದುಕೊಂಡ ಆರ್ನಿ. ಬದುಕಿದ್ದಾಗ ಮುಂದಿನಿಂದ ಎಳೆದ, ಸತ್ತ ಮೇಲೆ ಹಿಂದೆ ಕೂತು ಒತ್ತಿಹಿಡಿದಿದ್ದಾನೆ. "ನೋಡಿದೆಯಾ ಹ್ಯೂಗೋ," ಎಂದ ಕನ್ನಡಿಯತ್ತ, "ನೀನು ಎಳೀಬೇಕಾಗಿ ಬರಲಿಲ್ಲ." ವ್ಯಾನಿನೊಳಗೆ ಯಾವಾಗಲೂ ಇರುವ ಏಲಕ್ಕಿ ಬನ್ನಿನ ವಾಸನೆ. ಹ್ಯೂಗೋನಿಗೆ ಆ ಬನ್ನೆಂದರೆ ಪ್ರಾಣ.

ಇಗರ್ಜಿಯ ಮುಂದೆ ಜನ ಕಾದಿದ್ದರು. ವ್ಯಾನು ತನ್ನ ಕಾಲ ಮೇಲೆ ತಾನೇ ಗುಡ್ಡ ಹತ್ತಿ ಬಂದದ್ದನ್ನು ನೋಡಿ ಒಬ್ಬಿಬ್ಬರು ಟೋಪಿ ತೆಗೆದರು. ಅದು ಹ್ಯೂಗೋನಿಗೋ ವ್ಯಾನಿಗೋ ತಿಳಿಯಲಿಲ್ಲ. ಆರು ಜನ ಏದುಸಿರು ಬಿಡುತ್ತ ಪೆಟ್ಟಿಗೆ ಇಳಿಸಿ ಒಳಗೊಯ್ದರು. ಹಿಲ್ಯ, ಬೀಗ ಹಾಕುವ ಮೊದಲು ಒಮ್ಮೆ ಮುಖ ನೋಡುತ್ತೇನೆ ಎಂದಳು. ಒನ್ನಿ ಒಂದೊಂದೇ ತಿರುಪು ಬಿಚ್ಚಿ ಮುಚ್ಚಳ ಸರಿಸಿದ.

ಪೆಟ್ಟಿಗೆಯ ತುಂಬ ಮರಳಿತ್ತು.

ಎಲ್ಲರೂ ಬಗ್ಗಿ ನೋಡಿದರು. ಕೊನೆಗೆ ಒನ್ನಿಯೇ ಕೆಮ್ಮಿದ. "ಪಾದ್ರಿಗಳೇ, ಮಣ್ಣಿಗೆ ಮಣ್ಣು ಅಂತ ನೀವು ಓದೋದು ಸರಿ. ಆದರೆ ಇಷ್ಟು ಬೇಗನಾ?"

ಹಿಲ್ಯ ಆರ್ನಿಯ ಕಡೆ ತಿರುಗಿದಳು. "ಒಳಗಿನ ಬಾಗಿಲು ತೆಗೀಲಿಲ್ವಾ ನೀನು?"

"ತಟ್ಟಿದೆ," ಎಂದ ಆರ್ನಿ. "ಯಾರೂ ಓಗೊಡಲಿಲ್ಲ."

ಹ್ಯೂಗೋ ಸೌನಾದ ಒಳಗಿನ ಬೆಂಚಿನ ಮೇಲೆ ಬಿಳಿ ದುಪ್ಪಟಿ ಹೊದ್ದು ಮಲಗಿದ್ದ. ಗಂಡಸರು ಬಂದು ಮರಳು ಸುರಿದು ಅವನನ್ನು ಪೆಟ್ಟಿಗೆಗೆ ಇಳಿಸುತ್ತಾರೆ, ಇದನ್ನೂ ಬಾಯಿಬಿಟ್ಟು ಹೇಳಬೇಕೇ ಎಂದುಕೊಂಡಿದ್ದಳು ಹಿಲ್ಯ. ಪೆಟ್ಟಿಗೆಯಲ್ಲಿ ಏನಿದೆಯೆಂದು ಊರಿಗೆ ಗೊತ್ತಿದೆಯೆಂದೇ ಆಕೆಯ ಎಣಿಕೆ. ಬೈಯಲು ಹೊತ್ತಿರಲಿಲ್ಲ. ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು, ಪಾದ್ರಿ ಕಿಟಕಿಯ ಕಡೆಗೇ ನೋಡುತ್ತಿದ್ದರು. ಮರಳನ್ನು ಹೊರಗೆ ಸುರಿದರು. ಎಡ್ವಿನ್, ಒಳ್ಳೆಯ ಒಣ ಮರಳು, ಯಾಕೆ ಹಾಳುಮಾಡೋದು ಎಂದು ಅದನ್ನು ಇಗರ್ಜಿಯ ಇಳಿಜಾರಿಗೆಲ್ಲ ಎರಚಿದ. ಖಾಲಿ ಪೆಟ್ಟಿಗೆ ವ್ಯಾನಿಗೆ ಬಂತು, ಹಿಲ್ಯ ಆರ್ನಿಯ ಪಕ್ಕ ಹತ್ತಿ ಕೂತಳು. ಎಡ್ವಿನ್, ಒನ್ನಿ ಬರಲಿಲ್ಲ. ದಾರಿಯನ್ನು ಆಗಲೇ ಗೋರಿ ಆಗಿದೆ, ಕಾಫಿ ಬೇರೆ ಆರುತ್ತಿದೆ ಎಂದರು.

ವ್ಯಾನಿನ ಬಾಲ ಆಗಲೇ ಕುಣಿಯಲು ಶುರುಮಾಡಿತ್ತು. ಆರ್ನಿ ಅದು ಜಾರಿದ ಕಡೆಗೇ ಸ್ಟೀರಿಂಗು ತಿರುಗಿಸಿ, ಬ್ರೇಕು ಮರೆತು, ಆಮೆಯಂತೆ ಹೋಗುತ್ತಿದ್ದ.

"ಆ ಮರಳು ಯಾಕೆ ಅಂತ ಕೇಳಲಿಲ್ಲ ನೀನು," ಎಂದಳು ಹಿಲ್ಯ.

"ಯಾಕೆ?"

"ನಿನಗೆ. ಹೊರಗಿಟ್ಟರೆ ಹೆಪ್ಪುಗಟ್ಟುತ್ತೆ, ಕೊಟ್ಟಿಗೆಯಲ್ಲಿಟ್ಟರೆ ಬೆಕ್ಕು ಗಲೀಜು ಮಾಡುತ್ತೆ. ಅದಕ್ಕೇ ಅವರು ಪೆಟ್ಟಿಗೆಗೆ ತುಂಬಿ ತಿರುಪು ಹಾಕ್ತಿದ್ರು. ಈ ಸಲದ್ದನ್ನ ಬೇಸಗೆಯಲ್ಲೇ ತುಂಬಿಟ್ಟಿದ್ರು. ಪಾಪ, ಆ ಬ್ರೆಡ್ಡಿನವನು ಮತ್ತೆ ಬೀಳ್ತಾನೆ ಅಂತ."

ಆ ಮರಳೀಗ ಇಗರ್ಜಿಯ ಇಳಿಜಾರಿನಲ್ಲಿ ಊರವರ ಬೂಟಿನಡಿ ಇತ್ತು.

ಸೌನಾದ ಒಳಬಾಗಿಲನ್ನು ಹಿಲ್ಯಳೇ ತೆರೆದಳು. ಇಬ್ಬರೇ ಹೇಗೆ ಎತ್ತುವುದು ಎಂದು ಆರ್ನಿ ಹೆದರಿದ್ದ. ಹೆಗಲ ಕೆಳಗೆ ಕೈಯಿಟ್ಟು ಎತ್ತಿದಾಗ ಹ್ಯೂಗೋ ಬ್ರೆಡ್ಡಿನ ತಟ್ಟೆಯಷ್ಟು ಹಗುರವಾಗಿ ಎದ್ದು ಬಂದ. ಆ ಮೈಯೆಲ್ಲ ಎಲ್ಲಿ ಹೋಯಿತೋ. ಆರ್ನಿ ಮುಖ ತಿರುಗಿಸಿಕೊಂಡ. ಹಿಲ್ಯ ದುಪ್ಪಟಿಯ ಅಂಚು ಸರಿಮಾಡಿ, "ಅದಕ್ಕೇ ಯಾರಿಗೂ ತೋರಿಸಲಿಲ್ಲ," ಎಂದಳು.

ಪೆಟ್ಟಿಗೆ ತುಂಬಿಸಿ ವ್ಯಾನಿಗೇರಿಸಿ ಇಬ್ಬರೂ ಹೊರಟರು. ಹಿಮ ಆಗಲೇ ಹತ್ತಿಯಂತೆ ಉದುರುತ್ತಿತ್ತು. ಎರಡನೇ ಗೇರು, ಮೊಟ್ಟೆಯ ಮೇಲೆ ಕೂತವನ ಹಾಗೆ, ಬ್ರೇಕಿಗೆ ಕಾಲು ಸೋಕಿಸದೆ ಆರ್ನಿ ತಿರುವಿಗೆ ಬಂದ. ತಪ್ಪು ಎನ್ನುವಂಥದ್ದನ್ನು ಒಂದನ್ನೂ ಮಾಡಲಿಲ್ಲ. ವ್ಯಾನು ಮಾತ್ರ ಹಳೆಯ ನೆಂಟರ ಮನೆ ಕಂಡ ಹಾಗೆ ಬಾಲ ಬೀಸಿ, ಅರ್ಧ ಸುತ್ತು ತಿರುಗಿ, ಮೆಲ್ಲನೆ, ಬಹಳ ಮೆಲ್ಲನೆ, ತನ್ನ ಹಳ್ಳಕ್ಕೆ ಇಳಿದು ಕೂತಿತು. ಹಿಂದೆ ಪೆಟ್ಟಿಗೆ ಸರಿದು ಆರ್ನಿಯ ಸೀಟಿಗೆ ಬೆನ್ನಿನ ಹತ್ತಿರ ಒಮ್ಮೆ ಗುದ್ದಿತು.

ಹಿಲ್ಯ ಇಳಿದು ಮನೆಯತ್ತ ನಡೆದಳು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಿಂದ ಎಂಜಿನ್ನಿನ ಆ ಪರಿಚಿತ ಕೆಮ್ಮು ಕೇಳಿಸಿತು. ಕೆಂಪು ಟ್ರ್ಯಾಕ್ಟರು ಬಂತು. ಗಂಡನ ಕೋಟು ತೊಟ್ಟಿದ್ದ ಆಕೆ ಸರಪಳಿ ಕಟ್ಟಿ ಎಳೆದಳು. ಮರಳಿಲ್ಲದೆ ಚಕ್ರ ಬಹಳ ಹೊತ್ತು ಮೊಂಡುಮಾಡಿತು. ರಸ್ತೆಗೆ ಬಂದ ಮೇಲೂ ಸರಪಳಿ ಬಿಚ್ಚುವುದು ಆಕೆಗೆ ಕ್ಷೇಮವೆನಿಸಲಿಲ್ಲ.

ಹೀಗೆ ಬೆಳಕು ಕಂದುವ ಹೊತ್ತಿಗೆ ಇಗರ್ಜಿಯ ಮುಂದೆ ಕಾಫಿ ಕಪ್ಪು ಹಿಡಿದು ನಿಂತವರಿಗೆ ಗುಡ್ಡ ಹತ್ತಿ ಬರುವ ಮೆರವಣಿಗೆ ಕಾಣಿಸಿತು. ಮುಂದೆ ಹ್ಯೂಗೋನ ಟ್ರ್ಯಾಕ್ಟರು, ನಡುವೆ ಹ್ಯೂಗೋನ ಸರಪಳಿ, ಹಿಂದೆ ವ್ಯಾನಿನಲ್ಲಿ ಸುಮ್ಮನೆ ಸ್ಟೀರಿಂಗು ಹಿಡಿದು ಕೂತ ಆರ್ನಿ, ಅವನ ಹಿಂದೆ ಹ್ಯೂಗೋ.

ಒನ್ನಿ ಟೋಪಿ ತೆಗೆದ. "ಮಾತು ಉಳಿಸಿಕೊಂಡ," ಎಂದ.

ಹ್ಯೂಗೋನನ್ನು ಕಲ್ಲುಕೋಣೆಯಲ್ಲಿಟ್ಟು, ಪಾದ್ರಿ ಬೀಗ ಹಾಕಿ, ಮರಳು ಎರಚಿದ ಇಳಿಜಾರಿನಲ್ಲಿ ಒಂದಿಷ್ಟೂ ಜಾರದೆ ತಮ್ಮ ಕಾರಿನಲ್ಲಿ ಹೊರಟುಹೋದರು. ಜನವೂ ಚದುರಿತು. ಆರ್ನಿ ಬಗ್ಗಿ ಸರಪಳಿಯ ಕೊಂಡಿಗೆ ಕೈ ಹಾಕಿದ.

ಟ್ರ್ಯಾಕ್ಟರಿನ ಮೇಲಿಂದ ಹಿಲ್ಯ ಖಾಲಿ ವ್ಯಾನನ್ನೊಮ್ಮೆ, ಸುರಿಯುತ್ತಿರುವ ಹಿಮವನ್ನೊಮ್ಮೆ ನೋಡಿದಳು.

"ಇರಲಿ ಬಿಡು ಆರ್ನಿ," ಎಂದಳು. "ಬಿಚ್ಚಬೇಡ."